ನಿಮಗಿದು ಗೊತ್ತೇ? ದೂರದರ್ಶಕಕ್ಕೂ ಉಂಟು ದುರಸ್ತಿ

ಕಾಸರಗೋಡು ಪೇಟೆಯಿಂದ ನೇರ ಮೂಡು ದಿಕ್ಕಿಗೆ ಒಂದು ಗೆರೆ ಎಳೆಯಿರಿ. ಅದು ಮಡಿಕೇರಿಯ ತುಸು ಬಡಗಿನಿಂದ ಸಾಗಿ, ಮಂಡ್ಯ, ಕೃಷ್ಣಗಿರಿಗಳನ್ನು ಸವರಿಕೊಂಡು, ಸುಮಾರು 400 ಕಿ.ಮೀ. ಆಚೆ ತಮಿಳುನಾಡಿನ ಜವ್ವಾದು ಬೆಟ್ಟಗಳನ್ನು ಮುಟ್ಟುತ್ತದೆ. ಅಲ್ಲಿಯೇ ಕಾವಲೂರು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ನಡೆಸುವ ವೈನು ಬಾಪ್ಪು ವೀಕ್ಷಣಾಲಯ ಇರುವ ಊರು. ಕಾಸರಗೋಡಿನ ಅಕ್ಷಾಂಶ 12.5 ಡಿಗ್ರಿ, ಕಾವಲೂರಿನದ್ದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಹಾಗಾಗಿ 2.34 ಮೀಟರ್ ಅಗಲದ ಅಲ್ಲಿನ ದೊಡ್ಡ ಕನ್ನಡಿ ನೋಡುವ ಆಕಾಶ ನಿಮ್ಮ ಅಂಗಳದ ಆಕಾಶವೇ. ವ್ಯತ್ಯಾಸ ಇಷ್ಟೇ: ಅಲ್ಲಿ ಮೂಡಿದ ನಕ್ಷತ್ರ ಇಲ್ಲಿ ಮೂಡಲು ಇನ್ನೂ 15 ನಿಮಿಷ ಬೇಕು.

ಎರಡೂ ಊರುಗಳಲ್ಲಿ ಧ್ರುವ ನಕ್ಷತ್ರ ಬಡಗು ದಿಗಂತದಿಂದ ಬರೀ ಹನ್ನೆರಡೂವರೆ ಡಿಗ್ರಿ ಮೇಲಿರುತ್ತದೆ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಧ್ರುವ ಅದಕ್ಕಿಂತ ಸ್ವಲ್ಪ ಮೇಲೆ, ಅಂದರೆ ನಮ್ಮಲ್ಲಿ ತೆಂಗಿನ ತೋಟದ ಹಿಂದೆ. ಅದು ಕಾಣದವರು ಬೇಸರಿಸಬೇಕಿಲ್ಲ. ಧ್ರುವ ಕೆಳಗಿಳಿದಷ್ಟೂ ತೆಂಕಣ ಆಕಾಶ ಮೇಲೇಳುತ್ತದೆ. ಏಪ್ರಿಲ್, ಮೇ ತಿಂಗಳ ರಾತ್ರಿ ತ್ರಿಶಂಕು ನಕ್ಷತ್ರಪುಂಜ ನಮಗೆ ಚೆನ್ನಾಗಿ ಕಾಣುತ್ತದೆ. ಯುರೋಪಿನವರಿಗೆ ಆ ಭಾಗ್ಯವಿಲ್ಲ. 1987ರ ಫೆಬ್ರವರಿಯಲ್ಲಿ ದೊಡ್ಡ ಮೆಗೆಲನ್ ಮೋಡದಲ್ಲಿ ಸೂಪರ್‌ನೋವಾ ಸಿಡಿದಾಗ ಅದು ಕಾವಲೂರಿನ ದಿಗಂತದಿಂದ ಎಂಟೇ ಡಿಗ್ರಿ ಮೇಲಕ್ಕೆ ಬರುತ್ತಿತ್ತು. ಅಷ್ಟು ತಗ್ಗಿನಲ್ಲಿದ್ದರೂ ಅದರ ವರ್ಣಪಟಲವನ್ನು ಅಲ್ಲಿನವರು ದಾಖಲಿಸಿದರು.

ಆಕಾಶ ಒಂದೇ ಆದರೆ ವೀಕ್ಷಣಾಲಯವನ್ನು ನಮ್ಮ ಜಿಲ್ಲೆಯ ರಾಣಿಪುರದಲ್ಲೋ ಪೊಸಡಿಗುಂಪೆಯಲ್ಲೋ ಯಾಕೆ ಕಟ್ಟಲಿಲ್ಲ? ಉತ್ತರಕ್ಕೆ ಜೂನ್ ತಿಂಗಳಲ್ಲಿ ಕಿಟಕಿ ತೆರೆದರೆ ಸಾಕು. ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಮಳೆ ಬಿಟ್ಟ ಮೇಲೂ ಕಡಲ ತೇವ ಬಿಡುವುದಿಲ್ಲ. ಕನ್ನಡಿಯ ಲೋಹಲೇಪಕ್ಕೆ ಉಪ್ಪುಗಾಳಿಯಷ್ಟು ಕೆಟ್ಟ ಶತ್ರು ಬೇರೆ ಇಲ್ಲ. ಘಟ್ಟ ಹತ್ತಿ ಇಳಿದು ಮಳೆಯ ನೆರಳಿಗೆ ಹೋದರೆ ಬಾನು ತೆರೆಯುತ್ತದೆ. ಅಲ್ಲಿಯೂ ಮಳೆಗಾಲದಲ್ಲಿ ಗುಮ್ಮಟ ಮುಚ್ಚಿರುತ್ತದೆ, ನಿಜ. ಆದರೆ ಒಳಗೆ ಕೆಲಸ ಜೋರು: ಕನ್ನಡಿ ಕಳಚುವುದು, ಗೇರ್‌ಗಳಿಗೆ ಎಣ್ಣೆ ಹಾಕುವುದು, ಕೇಬಲ್ ಬದಲಿಸುವುದು. ಹೊಸ ದೂರದರ್ಶಕದ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಈ ಮಳೆಗಾಲದ ದುರಸ್ತಿಯ ಸುದ್ದಿ ಮಾತ್ರ ಎಲ್ಲಿಯೂ ಬರುವುದಿಲ್ಲ. ಈ ಅಂಕಣ ಅದಕ್ಕಾಗಿಯೇ.

ಕಾವಲೂರಿನ ದೊಡ್ಡ ಕನ್ನಡಿಯ ತೂಕ ಮೂರೂವರೆ ಟನ್. ಅದರಲ್ಲಿ ನಿಜವಾಗಿ ಬೆಳಕನ್ನು ಹಿಂದಿರುಗಿಸುವ ಭಾಗದ ತೂಕ ಎಷ್ಟಿರಬಹುದು? ಗಾಜು ಬರೀ ಆಧಾರ. ಕೆಲಸವೆಲ್ಲ ಅದರ ಮೇಲೆ ಕೂತ ಅಲ್ಯೂಮಿನಿಯಂ ಪೊರೆಯದ್ದು. ಇಂಥ ಪೊರೆಯ ದಪ್ಪ ಸಾಮಾನ್ಯವಾಗಿ 100 ನ್ಯಾನೋಮೀಟರ್ ಆಸುಪಾಸು, ಎಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಕನ್ನಡಿಯ ವಿಸ್ತೀರ್ಣಕ್ಕೆ ಗುಣಿಸಿ ನೋಡಿ: ಬರುವ ಉತ್ತರ ಒಂದು ಗ್ರಾಂ ಚಿಲ್ಲರೆ! ಮೂರೂವರೆ ಟನ್ ಗಾಜು, ಅದನ್ನು ಹೊತ್ತ ಉಕ್ಕಿನ ಚೌಕಟ್ಟು, ತಿರುಗುವ ಗುಮ್ಮಟ, ಇವೆಲ್ಲ ಇರುವುದು ಆ ಒಂದು ಗ್ರಾಂ ಲೋಹವನ್ನು ಸರಿಯಾದ ಆಕಾರದಲ್ಲಿ ಹಿಡಿದಿಡಲು.

ಆ ಪೊರೆ ಮಾಸುತ್ತದೆ. ಧೂಳು, ತೇವ, ಹೂವಿನ ಪರಾಗ, ಒಮ್ಮೊಮ್ಮೆ ಕೀಟಗಳು. ಹೊಸ ಅಲ್ಯೂಮಿನಿಯಂ ಬಿದ್ದ ಬೆಳಕಿನ ಸುಮಾರು 90 ಶೇಕಡವನ್ನು ಹಿಂದಿರುಗಿಸುತ್ತದೆ. ಮಾಸಿ ಅದು 80ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಹತ್ತೇ ಶೇಕಡ ತಾನೇ ಅನ್ನಬೇಡಿ. ಬೆಳಕು ಒಂದರ ಮೇಲೊಂದು ಮೂರು ಕನ್ನಡಿ ದಾಟಬೇಕಾದರೆ ಹೊಸ ಲೇಪದಲ್ಲಿ 73 ಶೇಕಡ ಉಳಿಯುತ್ತದೆ, ಮಾಸಿದ್ದರಲ್ಲಿ 51. ಒಂದು ಗಂಟೆಯಲ್ಲಿ ಮುಗಿಯುವ ಅವಲೋಕನಕ್ಕೆ ಹೆಚ್ಚುಕಡಿಮೆ ಒಂದೂವರೆ ಗಂಟೆ ಬೇಕಾಗುತ್ತದೆ. ಇನ್ನೂ ದೊಡ್ಡ ಕನ್ನಡಿ ಬೇಕೆಂದು ಅರ್ಜಿ ಹಾಕುವ ಮೊದಲು ಇದ್ದ ಕನ್ನಡಿ ತೊಳೆದಿದ್ದೇವೆಯೇ ಎಂದು ನೋಡುವುದು ಜಾಣತನ. ತೊಳೆಯುವುದೆಂದರೆ ಬಟ್ಟೆ ಹಾಕಿ ಉಜ್ಜುವುದಲ್ಲ, ಹಾಗೆ ಮಾಡಿದರೆ ಗೀರು ಬೀಳುತ್ತದೆ. ಅನೇಕ ವೀಕ್ಷಣಾಲಯಗಳಲ್ಲಿ ಇಂಗಾಲದ ಡೈಆಕ್ಸೈಡ್‌ನ ಒಣ ಹಿಮವನ್ನು ಕನ್ನಡಿಯ ಮೇಲೆ ಊದುತ್ತಾರೆ. ಹಿಮದ ಹರಳು ಧೂಳನ್ನು ಹೊತ್ತುಕೊಂಡು ಜಾರಿ ಆವಿಯಾಗಿ ಹೋಗುತ್ತದೆ, ಒಂದು ಹನಿ ನೀರೂ ಉಳಿಯುವುದಿಲ್ಲ. ಅದರಿಂದಲೂ ಆಗದಷ್ಟು ಮಾಸಿದಾಗ ಹಳೆ ಪೊರೆಯನ್ನು ರಾಸಾಯನಿಕದಿಂದ ಕರಗಿಸಿ, ಕನ್ನಡಿಯನ್ನು ನಿರ್ವಾತ ತೊಟ್ಟಿಯೊಳಗಿಟ್ಟು, ಅಲ್ಯೂಮಿನಿಯಂ ಕಾಯಿಸಿ ಅದರ ಆವಿ ಗಾಜಿನ ಮೇಲೆ ಕೂರುವಂತೆ ಮಾಡುತ್ತಾರೆ. ಕಾವಲೂರಿನಲ್ಲಿ ಇದಕ್ಕೆ ಬೇಕಾದ ತೊಟ್ಟಿ ಅಲ್ಲಿಯೇ ಇದೆ. ಕನ್ನಡಿಯನ್ನು ಲಾರಿಗೇರಿಸಿ ಎಲ್ಲಿಗೂ ಒಯ್ಯಬೇಕಿಲ್ಲ.

ಚಿಲಿ ದೇಶದ ಪರನಾಲ್‌ನಲ್ಲಿರುವ 8.2 ಮೀಟರಿನ ಕನ್ನಡಿಗಳಿಗೂ ತಲಾ ಹನ್ನೆರಡು ಗ್ರಾಂ ಅಲ್ಯೂಮಿನಿಯಂ ಸಾಕು. ಅದೇ ದೇಶದ ಜೆಮಿನಿ ದಕ್ಷಿಣ ದೂರದರ್ಶಕಕ್ಕೆ 2004ರಲ್ಲಿ ಅಲ್ಯೂಮಿನಿಯಂ ಬಿಟ್ಟು ಬೆಳ್ಳಿ ಲೇಪಿಸಿದರು. ಆಡಂಬರಕ್ಕಲ್ಲ. ಬೆಳ್ಳಿ ಬಳಿದ ಕನ್ನಡಿ ಸ್ವತಃ ಹೊರಸೂಸುವ ಶಾಖ ಕಡಿಮೆ, ಆದ್ದರಿಂದ ಅವಕೆಂಪು ಬೆಳಕಿನ ಮಸುಕು ಆಕಾಶಕಾಯಗಳು ಎದ್ದು ಕಾಣುತ್ತವೆ.

ಕನ್ನಡಿ ಮುಟ್ಟದೆಯೇ ದೂರದರ್ಶಕದ ಬಲವನ್ನು ಹತ್ತಾರು ಪಟ್ಟು ಹೆಚ್ಚಿಸಿದ ಉನ್ನತೀಕರಣ ಯಾವುದು? ಫೋಟೊ ಫಲಕದ ಜಾಗಕ್ಕೆ ಸಿಸಿಡಿ ಎಂಬ ಎಲೆಕ್ಟ್ರಾನಿಕ್ ಚಿಪ್ ಬಂದದ್ದು. ಹಳೆಯ ಗಾಜಿನ ಫಲಕದ ಮೇಲೆ ನೂರು ಬೆಳಕಿನ ಕಣ ಬಿದ್ದರೆ ದಾಖಲಾಗುತ್ತಿದ್ದದ್ದು ಒಂದೋ ಎರಡೋ. ಒಳ್ಳೆಯ ಸಿಸಿಡಿ 90ನ್ನೂ ಹಿಡಿಯಬಲ್ಲದು. ನಮ್ಮ ಕಿಸೆಯ ಮೊಬೈಲಿನ ಕ್ಯಾಮೆರಾ ಇದರ ಹತ್ತಿರದ ಸಂಬಂಧಿ.

ಕಾವಲೂರಿನ ಒಂದು ಮೀಟರ್ ದೂರದರ್ಶಕ 1972ರದ್ದು, ಜರ್ಮನಿಯ ಕಾರ್ಲ್ ಝೈಸ್ ಕಂಪನಿಯದ್ದು. ಬಂದ ವರ್ಷವೇ, ಜೂನ್ 7ರಂದು, ಗುರುಗ್ರಹದ ಚಂದ್ರ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದ್ದನ್ನು ನೋಡಿ ಅಲ್ಲಿ ತೆಳು ವಾತಾವರಣ ಇರಬಹುದೆಂಬ ಸುಳಿವು ಹಿಡಿಯಿತು. 1977ರ ಮಾರ್ಚ್ 10ರಂದು ಯುರೇನಸ್ ಇನ್ನೊಂದು ನಕ್ಷತ್ರದ ಮುಂದೆ ಹಾಯುವಾಗ, ಗ್ರಹ ಮುಟ್ಟುವ ಮೊದಲೇ ನಕ್ಷತ್ರದ ಬೆಳಕು ಕುಂದಿತು. ಅಮೆರಿಕದ ಹಾರುವ ವೀಕ್ಷಣಾಲಯ ಕೈಪರ್‌ನಲ್ಲಿ ಕಂಡ ಈ ಕುಂದು ಕಾವಲೂರಿನ ಜೆ.ಸಿ. ಭಟ್ಟಾಚಾರ್ಯ ಅವರ ತಂಡದ ದಾಖಲೆಯಲ್ಲೂ ಇತ್ತು. ಯುರೇನಸ್ಸಿಗೂ ಉಂಗುರಗಳಿವೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ. 2014ರಲ್ಲಿ ಅಲ್ಲಿ ಶುರುವಾದ 1.3 ಮೀಟರ್ ದೂರದರ್ಶಕಕ್ಕೆ ಅವರದೇ ಹೆಸರಿಟ್ಟಿದ್ದಾರೆ.

ವೈನು ಬಾಪ್ಪು ಅವರ ಮನೆತನ ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ತಲಶೇರಿಯದ್ದು. 1949ರಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಧೂಮಕೇತು ಕಂಡುಹಿಡಿದವರು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಕಾವಲೂರಿನ ಜಾಗವನ್ನು ಆಯ್ದು, 2.34 ಮೀಟರ್ ಕನ್ನಡಿಯನ್ನು ನಮ್ಮಲ್ಲಿಯೇ ಉಜ್ಜಿ ಮಾಡಬೇಕೆಂದು ಹಟ ಹಿಡಿದವರೂ ಅವರೇ. ಅದು ಮುಗಿಯುವ ಮೊದಲೇ, 1982ರಲ್ಲಿ, ತೀರಿಕೊಂಡರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ವೀಕ್ಷಣಾಲಯಕ್ಕೆ ಅವರ ಹೆಸರಿಟ್ಟರು. ಸರಿಯಾಗಿ 38 ವರ್ಷಗಳ ನಂತರ, 2024ರ ಜನವರಿ 6ರಂದೇ, ಆ ವೀಕ್ಷಣಾಲಯ ನಡೆಸುವ ಸಂಸ್ಥೆಯೇ ತಯಾರಿಸಿದ ಸೌರ ಉಪಕರಣ ಹೊತ್ತ ಆದಿತ್ಯ-ಎಲ್1 ನೌಕೆ ತನ್ನ ನೆಲೆ ಸೇರಿತು. ಕಾಕತಾಳೀಯ, ಮತ್ತೇನಲ್ಲ.

ಕೇರಳದ ಅತಿ ಹಳೆಯ ‘ವೀಕ್ಷಣಾಲಯ ಉನ್ನತೀಕರಣ’ 1431ರದ್ದು ಎಂದರೆ ನಂಬುತ್ತೀರಾ? ದೂರದರ್ಶಕವೇ ಹುಟ್ಟಿರದ ಕಾಲ. ಹರಿದತ್ತ 683ರಲ್ಲಿ ರೂಪಿಸಿದ ‘ಪರಹಿತ’ ಪದ್ಧತಿಯ ಪ್ರಕಾರ ಗ್ರಹಗಳ ಲೆಕ್ಕ ಹಾಕುತ್ತಿದ್ದರು. ಏಳು ಶತಮಾನಗಳಲ್ಲಿ ಸಣ್ಣ ಸಣ್ಣ ತಪ್ಪು ಕೂಡುತ್ತ ಬಂದು, ಗ್ರಹಣ ಒಂದು ಹೊತ್ತಿಗೆ ಎಂದು ಲೆಕ್ಕ ಹೇಳಿದರೆ ಆಕಾಶದಲ್ಲಿ ಅದು ಇನ್ನೊಂದು ಹೊತ್ತಿಗೆ ಹಿಡಿಯುವಂತಾಯಿತು. ಭಾರತಪ್ಪುಳ ನದಿಯ ಸೀಮೆಯ ವಟಶ್ಶೇರಿ ಪರಮೇಶ್ವರ ದಶಕಗಳ ಕಾಲ ಗ್ರಹಣಗಳನ್ನು ಕಣ್ಣಾರೆ ನೋಡಿ ಬರೆದಿಟ್ಟರು. ಕಂಡದ್ದಕ್ಕೂ ಗುಣಿಸಿದ್ದಕ್ಕೂ ಎಷ್ಟು ಅಂತರ ಎಂದು ಹಿಡಿದು, ಸಂಖ್ಯೆಗಳನ್ನು ತಿದ್ದಿ ‘ದೃಗ್ಗಣಿತ’ ಎಂಬ ಹೊಸ ಪದ್ಧತಿ ಕೊಟ್ಟರು. ನಮ್ಮ ಕರಾವಳಿಯ ಮನೆಗಳಲ್ಲಿ ಮೊಳೆಗೆ ತೂಗುವ ಪಂಚಾಂಗದ ಮುಖಪುಟದಲ್ಲಿ ದೃಗ್ಗಣಿತ ಎಂದು ಅಚ್ಚಾಗಿದ್ದರೆ, ಅದರ ಹಿಂದೆ ಇಂಥ ದುರಸ್ತಿಯ ಪರಂಪರೆ ಇದೆ. ನನ್ನ ಮಟ್ಟಿಗೆ ಈ ಅಂಕಣದ ಅತ್ಯುತ್ತಮ ಉನ್ನತೀಕರಣ ಇದು. ಖರ್ಚು, ತಾಳೆಗರಿ ಮತ್ತು ತಾಳ್ಮೆ.

ಲೆಕ್ಕವನ್ನು ಆಕಾಶದೊಡನೆ ನೀವೂ ತಾಳೆ ನೋಡಬಹುದು: ಏಪ್ರಿಲ್ 23ರ ಆಸುಪಾಸು ಮಧ್ಯಾಹ್ನ 12.28ರ ಸುಮಾರಿಗೆ ಕಾಸರಗೋಡಿನಲ್ಲಿ ನೆಟ್ಟ ಕಂಬಕ್ಕೆ ನೆರಳಿರುವುದಿಲ್ಲ. ಸೂರ್ಯ ನೆತ್ತಿಯ ಮೇಲೆ. ಮಂಡ್ಯ, ಕೃಷ್ಣಗಿರಿ, ಕಾವಲೂರುಗಳಿಗೂ ಅದೇ ದಿನ, ಗಡಿಯಾರ ಮಾತ್ರ ಬೇರೆ. ಆಗಸ್ಟ್ 19ರ ಹೊತ್ತಿಗೂ ಹೀಗೆಯೇ ಆಗುತ್ತದೆ, ಮೋಡ ನೋಡಗೊಡಬೇಕು ಅಷ್ಟೆ.

ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಎರಡು ಮೀಟರ್ ಕನ್ನಡಿ, 2000ರ ಸೆಪ್ಟೆಂಬರಿನಲ್ಲಿ ಮೊದಲ ಬೆಳಕು ಕಂಡದ್ದು. ಅದನ್ನು ನಡೆಸುವವರು ಎಲ್ಲಿ ಕೂರುತ್ತಾರೆ? ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ! ನಡುವಿನ ದೂರ ಎರಡು ಸಾವಿರ ಕಿ.ಮೀ.ಗೂ ಹೆಚ್ಚು. 2001ರಿಂದ ಉಪಗ್ರಹದ ಮೂಲಕ ಆಜ್ಞೆ ಹೋಗುತ್ತದೆ, ಚಿತ್ರ ಬರುತ್ತದೆ. ಇದರ ಲಾಭ ಸೋಮಾರಿತನದ್ದಲ್ಲ. ಹಾನ್ಲೆಯಲ್ಲಿ ಗಾಳಿಯ ಒತ್ತಡ ಕಡಲ ದಂಡೆಯ ಅರವತ್ತು ಶೇಕಡಕ್ಕಿಂತ ಕಡಿಮೆ. ಕುಂಬಳೆಯವನೊಬ್ಬ ನೇರ ಅಲ್ಲಿಗೆ ಹೋದರೆ ಮೊದಲ ಎರಡು ದಿನ ತಲೆನೋವಿನಲ್ಲೇ ಕಳೆಯುತ್ತಾನೆ, ಲೆಕ್ಕ ತಪ್ಪುತ್ತಾನೆ. ಹೊಸಕೋಟೆಯಲ್ಲಿ ಬಿಸಿ ಕಾಫಿ ಕುಡಿದು ಕೂತವನ ಮಂಡೆ ಸರಿಯಿರುತ್ತದೆ. ಪ್ರಯಾಣದ ಖರ್ಚು ಇಲ್ಲ; ಕೆಟ್ಟ ಹವೆಯಿದ್ದರೆ ರಾತ್ರಿ ಹಾಳಾಯಿತೆಂಬ ನಷ್ಟವೂ ಕಡಿಮೆ, ಮರುದಿನ ಇನ್ನೊಬ್ಬರ ಸರದಿ ಹಿಡಿದರಾಯಿತು. ಅಲ್ಲಿ ವರ್ಷಕ್ಕೆ ಸುಮಾರು 250 ರಾತ್ರಿ ವರ್ಣಪಟಲ ತೆಗೆಯಲು ಯೋಗ್ಯ.

ಹಾನ್ಲೆಯ ವೀಕ್ಷಣಾಲಯಕ್ಕೆ ವಿದ್ಯುತ್ತು ಮುಖ್ಯವಾಗಿ ಬಿಸಿಲಿನಿಂದ. ಹಗಲು ಫಲಕಗಳು ಬ್ಯಾಟರಿ ತುಂಬುತ್ತವೆ, ರಾತ್ರಿ ದೂರದರ್ಶಕ ಅದನ್ನು ಖರ್ಚು ಮಾಡುತ್ತದೆ. ಮೋಡವಿಲ್ಲದ ಜಾಗ ಬೇಕೆಂದು ಹುಡುಕಿದ್ದು ನಕ್ಷತ್ರಗಳಿಗಾಗಿ. ಅದೇ ಜಾಗ ಸೌರ ವಿದ್ಯುತ್ತಿಗೂ ಹೇಳಿಮಾಡಿಸಿದ್ದು.

ಚಿಲಿಯ ಲಾ ಸಿಯ್ಯಾ ವೀಕ್ಷಣಾಲಯದ ಪಕ್ಕ 2016ರಲ್ಲಿ 1.7 ಮೆಗಾವ್ಯಾಟ್ ಸೌರ ಘಟಕ ಬಂತು. ಪರನಾಲ್ ಮತ್ತು ಆರ್ಮಸೋನೆಸ್‌ಗೆಂದು 2022ರಲ್ಲಿ 9 ಮೆಗಾವ್ಯಾಟಿನದ್ದು. ನಮ್ಮ ಅಂಬಲತ್ತರದ ಸೌರ ಪಾರ್ಕಿನ ಸಾಮರ್ಥ್ಯ 50 ಮೆಗಾವ್ಯಾಟ್! ಅಂದರೆ ಜಗತ್ತಿನ ಅತಿ ದೊಡ್ಡ ದೂರದರ್ಶಕ ಶಿಖರಗಳಲ್ಲೊಂದಕ್ಕೆ ಹಾಕಿದ ಫಲಕಗಳ ಐದು ಪಟ್ಟಿಗೂ ಹೆಚ್ಚು ಕಾಞ್ಞಂಗಾಡಿನ ಮೂಡಲಲ್ಲಿ ಸುಮ್ಮನೆ ಬಿಸಿಲು ಕಾಯುತ್ತಿವೆ.

ಖಗೋಳಶಾಸ್ತ್ರಕ್ಕೆ ಹೊಗೆ ಎಲ್ಲಿಂದ ಬಂತು ಎನ್ನಬೇಡಿ. ಸದ್ಯ ಕೆಲಸ ಮಾಡುತ್ತಿರುವ ದೂರದರ್ಶಕಗಳನ್ನೂ ಬಾಹ್ಯಾಕಾಶ ನೌಕೆಗಳನ್ನೂ ಕಟ್ಟಿ ನಡೆಸಿದ್ದರಿಂದ ಸುಮಾರು 2 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬಿದ್ದಿದೆ ಎಂದು 2022ರ ಒಂದು ಅಧ್ಯಯನ ಅಂದಾಜು ಮಾಡಿತು. ಹೊಸತು ಕಟ್ಟುವ ವೇಗ ತಗ್ಗಿಸಿ ಎಂಬ ಸಲಹೆಯೂ ಅದರಲ್ಲಿತ್ತು. ಖಗೋಳಜ್ಞರಿಗೆ ಅದು ಅಷ್ಟೇನೂ ರುಚಿಸಲಿಲ್ಲ.

ಗುಮ್ಮಟದೊಳಗೆ ರಾತ್ರಿ ಬೆಚ್ಚಗಿದ್ದರೆ ನಕ್ಷತ್ರ ಕದಡುತ್ತದೆ. ಹಗಲು ಕಾದ ಕಾಂಕ್ರೀಟು, ಮೋಟಾರು, ಕಂಪ್ಯೂಟರುಗಳ ಶಾಖ ಮೇಲೇರುತ್ತ ಗಾಳಿಯನ್ನು ಅಲುಗಿಸುತ್ತದೆ. ಬಿಸಿಲಿಗೆ ಕಾದ ಡಾಮರು ರಸ್ತೆಯ ಮೇಲೆ ದೂರದ ಬಸ್ಸು ನಡುಗಿದಂತೆ ಕಾಣುವುದಕ್ಕೂ ಇದೇ ಕಾರಣ. ಪರನಾಲ್‌ನಲ್ಲಿ ಹಗಲೆಲ್ಲ ಎ.ಸಿ. ಓಡಿಸಿ, ಬರುವ ರಾತ್ರಿಯ ಚಳಿ ಎಷ್ಟಿರುತ್ತದೋ ಅಷ್ಟಕ್ಕೆ ಗುಮ್ಮಟವನ್ನು ತಣಿಸಿಡುತ್ತಾರೆ. ನಾಳೆಯ ಹವಾಮಾನ ವರದಿ ಅಲ್ಲಿ ಕನ್ನಡಿಗೂ ಬೇಕು.

2019ರ ಡಿಸೆಂಬರ್ 26ರ ಬೆಳಗ್ಗೆ 9.25ರ ಸುಮಾರಿಗೆ ಭಾರತದ ನೆಲದಲ್ಲಿ ಕಂಕಣ ಸೂರ್ಯಗ್ರಹಣದ ಉಂಗುರ ಮೊದಲು ಕಂಡ ಊರುಗಳಲ್ಲಿ ನಮ್ಮ ಚೆರುವತ್ತೂರು ಒಂದು. ಮೂರು ನಿಮಿಷದ ಉಂಗುರ. ಆ ನೆರಳು ಅಲ್ಲಿಂದ ವಯನಾಡು ದಾಟಿ ಕೆಲವೇ ನಿಮಿಷಗಳಲ್ಲಿ ಊಟಿಗೆ ಹೋಯಿತು. ಊಟಿಯ ಮುತ್ತೋರೈ ಇಳಿಜಾರಿನಲ್ಲಿ ಇರುವುದು ಇನ್ನೊಂದು ಅಚ್ಚರಿ.

ಊಟಿ ರೇಡಿಯೋ ದೂರದರ್ಶಕ 1970ರದ್ದು. ಉದ್ದ 530 ಮೀಟರ್, ಅಗಲ 30 ಮೀಟರ್. ಗೋವಿಂದ ಸ್ವರೂಪ್ ಮತ್ತು ಸಂಗಡಿಗರು ಬೇಕೆಂದೇ ತೆಂಕು–ಬಡಗಾಗಿ ಹನ್ನೊಂದು ಡಿಗ್ರಿ ಚಿಲ್ಲರೆ ಓರೆಯಾದ ಗುಡ್ಡ ಹುಡುಕಿದರು. ಊಟಿಯ ಅಕ್ಷಾಂಶವೂ ಅಷ್ಟೇ. ಹಾಗಾಗಿ ಗುಡ್ಡದ ಮೈಯಲ್ಲಿ ಮಲಗಿಸಿದ ಉದ್ದನೆಯ ತೊಟ್ಟಿಲು ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತು. ಒಂದೇ ದಿಕ್ಕಿಗೆ ಹೊರಳಿಸಿದರೆ ಸಾಕು, ಒಂದು ಆಕಾಶಕಾಯವನ್ನು ಒಂಬತ್ತೂವರೆ ಗಂಟೆ ಹಿಂಬಾಲಿಸಬಹುದು. ದುಬಾರಿ ಯಂತ್ರ ಮಾಡಬೇಕಿದ್ದ ಅರ್ಧ ಕೆಲಸವನ್ನು ಗುಡ್ಡ ಬಿಟ್ಟಿ ಮಾಡಿಕೊಟ್ಟಿತು. ಅದರ ಪ್ರತಿಫಲಕ 1100 ತೆಳು ಸ್ಟೀಲ್ ತಂತಿಗಳು. ಜೋಡಿಸಿದರೆ ಸುಮಾರು 580 ಕಿ.ಮೀ., ಹೆಚ್ಚುಕಡಿಮೆ ಕಾಸರಗೋಡಿನಿಂದ ತಿರುವನಂತಪುರದ ರೈಲು ದಾರಿ.

1992ರಲ್ಲಿ ಊಟಿ ದೂರದರ್ಶಕವನ್ನು ಉನ್ನತೀಕರಿಸುವಾಗ ತಂತಿ ಮುಟ್ಟಲಿಲ್ಲ, ಗುಡ್ಡವನ್ನೂ ಮುಟ್ಟಲಿಲ್ಲ. ಸಂಕೇತ ಹಿಡಿಯುವ 1056 ದ್ವಿಧ್ರುವಗಳ ಪ್ರತಿಯೊಂದರ ಹಿಂದೆಯೇ ಒಂದೊಂದು ವರ್ಧಕ ಕೂರಿಸಿದರು. ಮೊದಲು ಕ್ಷೀಣ ಸಂಕೇತ ಕೇಬಲು, ಬಿಡಿಭಾಗಗಳಲ್ಲಿ ಹಾದು ಇನ್ನೂ ಕ್ಷೀಣಿಸಿದ ಮೇಲೆ ವರ್ಧನೆಯಾಗುತ್ತಿತ್ತು. ಈಗ ಹುಟ್ಟಿದಲ್ಲೇ ವರ್ಧನೆ, ಆಮೇಲೆ ಪಯಣ. ಸೂಕ್ಷ್ಮತೆ ಹಲವು ಪಟ್ಟು ಏರಿತು.

ಕರ್ನಾಟಕದ ಗೌರಿಬಿದನೂರಿನಲ್ಲಿ 1976ರಿಂದ ಟಿ ಆಕಾರದಲ್ಲಿ ಸಾವಿರ ದ್ವಿಧ್ರುವಗಳ ಸಾಲಿತ್ತು, ಮೂಡು–ಪಡು ತೋಳು 1.4 ಕಿ.ಮೀ. ಅದೇ ಆವರಣದಲ್ಲಿ 1997ರಿಂದ ಸೂರ್ಯನನ್ನೇ ನೋಡುವ ರೇಡಿಯೋ ಹೀಲಿಯೋಗ್ರಾಫ್ ಇದೆ. ಹಳೆ ಮನೆಗಳ ಮಾಡಿನ ಮೇಲಿದ್ದ ಟಿ.ವಿ. ಆಂಟೆನಾದ ಕುಲದವೇ ಅದರ ಆಂಟೆನಾಗಳು. 192 ಇದ್ದದ್ದನ್ನು ಮುಂದೆ 384ಕ್ಕೆ ಏರಿಸಿದರು.

ಇನ್ನು ಮಹಾರಾಷ್ಟ್ರದ ಖೋಡದ್. ನಾರಾಯಣಗಾಂವ್ ಹತ್ತಿರದ ಈ ಹಳ್ಳಿಯ ಸುತ್ತ ತಲಾ 45 ಮೀಟರ್ ಅಗಲದ ಮೂವತ್ತು ಡಿಶ್‌ಗಳು ಹರಡಿವೆ. ಹದಿನಾಲ್ಕು ನಡುವಿನಲ್ಲಿ ಒತ್ತಾಗಿ, ಹದಿನಾರು ಮೂರು ತೋಳುಗಳಲ್ಲಿ ದೂರ ದೂರ. ಜಿಎಂಆರ್‌ಟಿ ಎಂದು ಕರೆಯುವ ಇದರ ಡಿಶ್‌ಗಳು ಗಟ್ಟಿ ತಗಡಿನವಲ್ಲ, ಹಗ್ಗದಂತೆ ಬಿಗಿದ ತಂತಿಗಳಿಗೆ ಹೊಲಿದ ಜಾಲರಿ. ಗಾಳಿ ಜಾಲರಿಯ ಮೂಲಕ ಹಾದುಹೋಗುತ್ತದೆ, ಆದ್ದರಿಂದ ಹೊರುವ ಕಂಬ ಹಗುರವಾಗಿದ್ದರೂ ನಡೆಯುತ್ತದೆ, ಖರ್ಚೂ ಇಳಿಯುತ್ತದೆ. ರೇಡಿಯೋ ಅಲೆಯ ಉದ್ದ ಜಾಲರಿಯ ಕಣ್ಣಿಗಿಂತ ಬಹಳ ದೊಡ್ಡದು. ಅದಕ್ಕೆ ತೂತು ಲೆಕ್ಕಕ್ಕೇ ಇಲ್ಲ.

ಈ ಮೂವತ್ತು ಡಿಶ್‌ಗಳ ಉನ್ನತೀಕರಣ 2019ರ ಹೊತ್ತಿಗೆ ಪೂರ್ಣಗೊಂಡಿತು. ಹಳೆಯದು ಕೇಳುತ್ತಿದ್ದದ್ದು ಐದು ಕಿರಿದಾದ ಪಟ್ಟಿಗಳಲ್ಲಿ, ಒಮ್ಮೆಗೆ ಹೆಚ್ಚೆಂದರೆ 32 ಮೆಗಾಹರ್ಟ್ಸ್ ಅಗಲ. ಹೊಸದು 125ರಿಂದ 1450 ಮೆಗಾಹರ್ಟ್ಸ್ ವರೆಗೆ ಬಹುತೇಕ ಬಿಡುವಿಲ್ಲದೆ, ಒಮ್ಮೆಗೆ 400 ಮೆಗಾಹರ್ಟ್ಸ್ ಅಗಲದಲ್ಲಿ ಕೇಳುತ್ತದೆ. ಡಿಶ್ ಅದೇ, ಜಾಲರಿ ಅದೇ, ಕಂಬ ಅದೇ. ಬದಲಾದದ್ದು ನಾಭಿಯಲ್ಲಿನ ಸಂಕೇತಗ್ರಾಹಿ, ಆಪ್ಟಿಕಲ್ ಫೈಬರ್ ಕೊಂಡಿ, ಕೊನೆಯಲ್ಲಿ ಲೆಕ್ಕ ಹಾಕುವ ಕಂಪ್ಯೂಟರು. ಇದಕ್ಕಿಂತ ದೊಡ್ಡ ಸಂಗತಿ ಎಂದರೆ ಇಷ್ಟೆಲ್ಲ ನಡೆಯುವಾಗಲೂ ವೀಕ್ಷಣಾಲಯಕ್ಕೆ ಬೀಗ ಹಾಕಲಿಲ್ಲ. ಹಳೆ ವ್ಯವಸ್ಥೆಯನ್ನು ಓಡಿಸುತ್ತಲೇ ಪಕ್ಕದಲ್ಲಿ ಹೊಸದನ್ನು ಬೆಳೆಸಿದರು. ಹಳೆ ಸೇತುವೆ ಒಡೆದು ಆಮೇಲೆ ಹೊಸ ಸೇತುವೆಯ ಟೆಂಡರ್ ಕರೆಯುವವರು ಖೋಡದ್ ನೋಡಿ ಬರಲಿ ಮಾರಾಯ್ರೇ.

ಫಲ ಬೇಗನೇ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಮತ್ತು ಆಗ ಕೆನಡಾದಲ್ಲಿದ್ದ ಅರ್ನಬ್ ಚಕ್ರವರ್ತಿ, ಹೈಡ್ರೋಜನ್ ಪರಮಾಣುಗಳ 21 ಸೆಂಟಿಮೀಟರ್ ಸಂಕೇತವನ್ನು ಸುಮಾರು 880 ಕೋಟಿ ವರ್ಷ ಹಿಂದೆ ಹೊರಟ ಬೆಳಕಿನಲ್ಲಿ ಪತ್ತೆಹಚ್ಚಿದರು. ದಾರಿಯಲ್ಲಿದ್ದ ಇನ್ನೊಂದು ಗೆಲಾಕ್ಸಿಯ ಗುರುತ್ವ ಮಸೂರದಂತೆ ವರ್ತಿಸಿ ಸಂಕೇತವನ್ನು ಸುಮಾರು 30 ಪಟ್ಟು ಹಿಗ್ಗಿಸಿತ್ತು. 2023ರ ಜನವರಿಯಲ್ಲಿ ಸುದ್ದಿಯಾಯಿತು. ಅದೇ ವರ್ಷದ ಜೂನಿನಲ್ಲಿ, ಪಲ್ಸಾರ್‌ಗಳ ತಾಳದಲ್ಲಿ ನಿಧಾನಗತಿಯ ಗುರುತ್ವ ಅಲೆಗಳ ಕುರುಹು ಕಂಡಿದೆಯೆಂದು ಸಾರಿದ ತಂಡಗಳಲ್ಲಿ ಖೋಡದ್‌ನ ದತ್ತಾಂಶ ಬಳಸಿದ ಭಾರತದ ತಂಡವೂ ಇತ್ತು.

ರೇಡಿಯೋ ದೂರದರ್ಶಕಕ್ಕೆ ಕತ್ತಲೆ ಬೇಡ, ನಿಶ್ಶಬ್ದ ಬೇಕು. ವಿದ್ಯುತ್ ಕಂಬದಲ್ಲಿ ಒಂದು ಜೋಡಣೆ ಸಡಿಲವಾಗಿ ಕಿಡಿ ಹಾರಿದರೂ ಅದಕ್ಕೆ ಕೇಳುತ್ತದೆ. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕ 1998ರಿಂದಲೂ ಆಗಾಗ ವಿಚಿತ್ರ ಸಂಕೇತಗಳನ್ನು ಹಿಡಿಯುತ್ತಿತ್ತು. 2015ರಲ್ಲಿ ಕಳ್ಳ ಸಿಕ್ಕಿಬಿದ್ದ: ಅಡುಗೆಮನೆಯ ಮೈಕ್ರೋವೇವ್ ಒಲೆ! ಸಮಯ ಮುಗಿಯುವ ಮೊದಲೇ ಯಾರೋ ಹಸಿದವರು ಬಾಗಿಲು ತೆರೆದಾಗಲೆಲ್ಲ ಒಂದು ಸಂಕೇತ ಹೊರಡುತ್ತಿತ್ತು.

ಉನ್ನತೀಕರಣವೆಲ್ಲ ಶುಭವೇ ಎಂದೇನಿಲ್ಲ. ಪೋರ್ಟೊ ರಿಕೊದ ಅರೆಸಿಬೊದಲ್ಲಿ 305 ಮೀಟರ್ ಅಗಲದ ಡಿಶ್ ಮೇಲೆ ಕೇಬಲುಗಳಿಂದ ವೇದಿಕೆ ತೂಗುತ್ತಿತ್ತು. 1997ರ ಉನ್ನತೀಕರಣದಲ್ಲಿ ಹೊಸ ಪ್ರತಿಫಲಕಗಳ ಗುಮ್ಮಟ ಸೇರಿಸಿದಾಗ ತೂಕ ನೂರಾರು ಟನ್ ಏರಿತು. ಆಧಾರಕ್ಕೆ ಹೆಚ್ಚುವರಿ ಕೇಬಲು ಕಟ್ಟಿದರು. 2020ರ ಆಗಸ್ಟಿನಲ್ಲಿ ಮೊದಲು ಕಿತ್ತುಬಂದದ್ದು ಆ ಹೆಚ್ಚುವರಿ ಕೇಬಲುಗಳಲ್ಲೊಂದು. ನವೆಂಬರಿನಲ್ಲಿ ಮುಖ್ಯ ಕೇಬಲು ತುಂಡಾಯಿತು. ಡಿಸೆಂಬರ್ 1ರಂದು ವೇದಿಕೆಯೇ ಡಿಶ್ ಮೇಲೆ ಬಿತ್ತು.

ಹಬಲ್ ಬಾಹ್ಯಾಕಾಶ ದೂರದರ್ಶಕದ ಕನ್ನಡಿಯ ಅಂಚು 2.2 ಮೈಕ್ರಾನ್‌ನಷ್ಟು ತಪ್ಪಾಗಿ ಉಜ್ಜಲ್ಪಟ್ಟಿತ್ತು. 1993ರ ಡಿಸೆಂಬರಿನಲ್ಲಿ ಗಗನಯಾನಿಗಳು ಮೇಲೆ ಹೋಗಿ, ಆ ತಪ್ಪನ್ನು ಸರಿದೂಗಿಸುವ ಪುಟ್ಟ ಕನ್ನಡಿಗಳನ್ನು ಜೋಡಿಸಿ ಬಂದರು.

ಕೊಡೈಕನಾಲ್ ಸೌರ ವೀಕ್ಷಣಾಲಯ ನೆಲೆಗೊಂಡದ್ದು 1899ರಲ್ಲಿ. ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ತೆಗೆದ ಸೂರ್ಯನ ಫೋಟೊ ಫಲಕಗಳನ್ನು ಈಗ ಡಿಜಿಟಲ್ ಮಾಡಿದ್ದಾರೆ. ಸತ್ತುಹೋದವರು ತೆಗೆದ ಚಿತ್ರದಿಂದ ಇಂದಿನ ವಿದ್ಯಾರ್ಥಿ ಹೊಸ ಲೆಕ್ಕ ತೆಗೆಯುತ್ತಾನೆ. 1909ರಲ್ಲಿ ಜಾನ್ ಎವರ್‌ಶೆಡ್ ಸೂರ್ಯಕಲೆಯಿಂದ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡದ್ದೂ ಇಲ್ಲಿಯೇ.

ಒಂದು ರಾತ್ರಿಗೆ ಇಪ್ಪತ್ತು ಗುರಿ, ಒಂದರಿಂದ ಇನ್ನೊಂದಕ್ಕೆ ತಿರುಗಲು ಹತ್ತು ನಿಮಿಷ ಎಂದಿಟ್ಟುಕೊಳ್ಳಿ. ಮೂರು ತಾಸಿಗೂ ಹೆಚ್ಚು ಹೊತ್ತು ಕನ್ನಡಿ ಏನನ್ನೂ ನೋಡಿರುವುದಿಲ್ಲ. ಚಿಲಿಯ ಹೊಸ ರೂಬಿನ್ ವೀಕ್ಷಣಾಲಯ 8.4 ಮೀಟರ್ ಕನ್ನಡಿಯನ್ನು ಐದೇ ಸೆಕೆಂಡಿನಲ್ಲಿ ಮುಂದಿನ ಗುರಿಗೆ ಹೊರಳಿಸುತ್ತದೆ, 320 ಕೋಟಿ ಚುಕ್ಕಿಗಳ ಚಿತ್ರವನ್ನು ಎರಡು ಸೆಕೆಂಡಿನಲ್ಲಿ ಓದಿಕೊಳ್ಳುತ್ತದೆ. ಹಾನ್ಲೆಯ 0.7 ಮೀಟರಿನ ಗ್ರೋತ್-ಇಂಡಿಯಾ ದೂರದರ್ಶಕಕ್ಕೆ ರಾತ್ರಿಪಾಳಿಯ ಮನುಷ್ಯನೇ ಬೇಡ, 2018ರಿಂದ ತಾನೇ ಗುಮ್ಮಟ ತೆರೆದು ತಾನೇ ಮುಚ್ಚುತ್ತದೆ.

ಎಲ್ಲಕ್ಕಿಂತ ಅಗ್ಗದ ಉನ್ನತೀಕರಣ ಊರವರ ಕೈಯಲ್ಲಿದೆ: ದೀಪಕ್ಕೆ ಮುಚ್ಚಳ. ಲಿಕ್ ವೀಕ್ಷಣಾಲಯಕ್ಕಾಗಿ ಅಮೆರಿಕದ ಸ್ಯಾನ್ ಹೊಸೆ ನಗರ ಹಳದಿ ಸೋಡಿಯಂ ದೀಪಗಳಿಗೆ ಬದಲಾಯಿತು. ಒಂದೇ ಬಣ್ಣದ ಬೆಳಕಾದ್ದರಿಂದ ಖಗೋಳಜ್ಞರು ಅದನ್ನು ಸೋಸಿ ತೆಗೆಯಬಹುದಿತ್ತು, ನಗರಕ್ಕೂ ಕರೆಂಟು ಉಳಿಯಿತು. ಹಾನ್ಲೆಯ ಸುತ್ತಲ ಸುಮಾರು 1073 ಚದರ ಕಿ.ಮೀ. ಪ್ರದೇಶವನ್ನು 2022ರಲ್ಲಿ ಕತ್ತಲೆ ಆಕಾಶದ ಮೀಸಲು ಎಂದು ಘೋಷಿಸಿದರು. ಹಳ್ಳಿಯವರು ಕಿಟಕಿಗೆ ದಪ್ಪ ಪರದೆ ಹಾಕುತ್ತಾರೆ. ನಮ್ಮ ಕಡೆಯ ಕಡಲಿನಲ್ಲಿ ಎಲ್‌ಇಡಿ ಹಾಕಿ ಮೀನು ಹಿಡಿಯುವ ಲೈಟ್ ಫಿಶಿಂಗ್ ಅನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದ್ದು ಮೀನಿನ ಸಂತತಿಗಾಗಿ. ಅದು ಸರಿಯಾಗಿ ಜಾರಿಯಾದರೆ ಪಡುವಣ ದಿಗಂತದ ನಕ್ಷತ್ರಗಳಿಗೂ ಲಾಭ.

ಮಕ್ಕಳಿಗೆ ಆಕಾಶ ತೋರಿಸಬೇಕು, ಮಳೆ ಬಿಡುತ್ತಿಲ್ಲ ಎಂದಾದರೆ ಮಂಗಳೂರಿನ ಪಿಲಿಕುಳಕ್ಕೆ ಹೋಗಿ. 2018ರಲ್ಲಿ ತೆರೆದ ಅಲ್ಲಿನ ಸ್ವಾಮಿ ವಿವೇಕಾನಂದ ತಾರಾಲಯ ದೇಶದ ಮೊದಲ 3ಡಿ ತಾರಾಲಯ.

2027ರ ಆಗಸ್ಟ್ 2ರ ಸಂಜೆ ಪಾರ್ಶ್ವ ಸೂರ್ಯಗ್ರಹಣ ಇದೆ. ಆಟಿ ತಿಂಗಳು, ಕಂಡರೆ ಕಂಡಿತು. 2031ರ ಮೇ 21ಕ್ಕೆ ಕೇರಳದ ಮೇಲೆ ಮತ್ತೆ ಕಂಕಣ ಗ್ರಹಣ ಹಾಯುತ್ತದೆ. ಈ ಸಲ ಉಂಗುರ ಕಾಣುವುದು ಆಲಪ್ಪುಳ, ಕೋಟ್ಟಯಂ, ಮದುರೈ ಕಡೆ. ಕಾಸರಗೋಡಿಗೆ ಪಾರ್ಶ್ವ ಮಾತ್ರ. ತೆಂಕಕ್ಕೆ ಹೋಗುವ ರೈಲಿಗೆ ಟಿಕೆಟ್ ಮುಂಗಡ ಕಾದಿರಿಸುವುದು ಒಳ್ಳೆಯದು. ಗ್ರಹಣ ನೋಡುವ ಕನ್ನಡಕ ಹಳೆಯದಿದ್ದರೆ ಗೀರು ಬಿದ್ದಿದೆಯೋ ನೋಡಿ, ಬಿದ್ದಿದ್ದರೆ ಎಸೆದು ಹೊಸದು ಕೊಳ್ಳಿ. ಇದೊಂದಕ್ಕೆ ದುರಸ್ತಿ ಇಲ್ಲ.